ಜಾಕಿಗೆ ಏನನ್ನೂ ಕಟ್ಟಬೇಡಿ

ಬೆಳಗ್ಗೆ ಆರೂವರೆಗೆ, ಇನ್ನೂ ಒಂದು ಗುಟುಕು ಚಹಾ ಗಂಟಲಿಗೆ ಇಳಿಯುವ ಮೊದಲು, ನನ್ನ ಗಂಡನ ಅಕ್ಕ ದೋಣಿ ಯಾರ್ಡಿನಲ್ಲಿ ಒಂದು ಸುತ್ತು ಹಾಕುತ್ತಾರೆ. ಅಲ್ಲಿ ನಲವತ್ತಕ್ಕೂ ಹೆಚ್ಚು ಹಾಯಿದೋಣಿಗಳು ನೆಲದ ಮೇಲೆ ನಿಂತಿರುತ್ತವೆ. ಒಂದೊಂದರ ಹತ್ತಿರವೂ ಹೋಗಿ, ಅದನ್ನು ಹಿಡಿದಿರುವ ಪ್ರತಿ ಜಾಕಿಯ ತಲೆಯನ್ನು ಅಂಗೈಯಿಂದ ಒತ್ತಿ ನೋಡಿ, "ನಿಂತಿದ್ದೀಯಾ?" ಎಂದು ದೋಣಿಯನ್ನೇ ಕೇಳುತ್ತಾರೆ. ಉತ್ತರ ಕೈಗೆ ಗೊತ್ತಾಗುತ್ತದಂತೆ. ನನ್ನ ಮದುವೆಯ ದಿನವೂ ಈ ಸುತ್ತು ತಪ್ಪಿರಲಿಲ್ಲ. ಮದುಮಗನ ಅಕ್ಕ ಎಲ್ಲಿ ಎಂದು ನಮ್ಮ ಕಡೆಯವರು ಹುಡುಕುತ್ತಿರುವಾಗ ಅವರು ಹೊಸ ಬಟ್ಟೆಯಲ್ಲಿ, ಮೊಣಕೈವರೆಗೂ ಗ್ರೀಸು ಮೆತ್ತಿಕೊಂಡು ಬಂದು ನಿಂತರು. ನನ್ನ ಅತ್ತಿಗೆಯನ್ನು ನಾನು ಮೊದಲ ಸಲ ಸರಿಯಾಗಿ ನೋಡಿದ್ದು ಹಾಗೆ.

ಅವರನ್ನು ಎಲ್ಲರೂ ಕರೆಯುವುದು ಜಾಕಿಯಕ್ಕ ಎಂದೇ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ದೋಣಿಗಳ ಹಳೇ ಬಣ್ಣ ಕೆರೆಯಲು ಬಂದವರು, ಈಗ ಐವತ್ತಾರು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ನಲವತ್ತು ದೋಣಿ ನಿಲ್ಲಿಸೋಕೆ ನನ್ನಿಂದ ಆಗುತ್ತೆ. ಒಬ್ಬನನ್ನ ಕೂರಿಸಿ ಊಟ ಹಾಕೋಕೆ ಆಗಲ್ಲ" ಎನ್ನುತ್ತಾರೆ. ನಮ್ಮ ಮನೆಯ ಮಹಡಿಯ ಕೋಣೆಯಲ್ಲಿರುತ್ತಾರೆ. ಒಂದು ಮಂಚ, ಒಂದು ಕಿಟಕಿ, ಕಿಟಕಿಯಾಚೆ ಎರಡು ಬೀದಿ ದಾಟಿದರೆ ಯಾರ್ಡಿನಲ್ಲಿ ಸಾಲಾಗಿ ನಿಂತ ಹಾಯಿಕಂಬಗಳ ತುದಿ. ಮಂಚದ ಕೆಳಗೆ ಮಂಡಿನೋವಿನ ಎಣ್ಣೆಯ ಸೀಸೆಗಳು. ಆ ಸೀಸೆಗಳ ಬಗ್ಗೆ ಹೊರಗೆ ಯಾರೂ ಬಾಯಿ ಬಿಡಬಾರದು.

ಜಾಕಿಯ ಕೆಲಸ ಏನು ಎಂದು ಹೇಳಿಬಿಡುತ್ತೇನೆ. ವರ್ಷದಲ್ಲಿ ನಾಲ್ಕೈದು ತಿಂಗಳು ಹಾಯಿದೋಣಿಯಲ್ಲಿ ಸಮುದ್ರ ಸುತ್ತುವ ಜನ ಇದ್ದಾರೆ. ಸಮುದ್ರ ಕೆಡುವ ಕಾಲ ಬಂದಾಗ ದೋಣಿಯನ್ನು ಮೇಲೆ ತಂದು ಬಿಟ್ಟು ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಕ್ರೇನು ಎರಡು ಅಗಲವಾದ ಬೆಲ್ಟುಗಳನ್ನು ದೋಣಿಯ ಹೊಟ್ಟೆಯಡಿಗೆ ಹಾಕಿ ಎತ್ತುತ್ತದೆ. ತಳಕ್ಕೆ ಅಂಟಿದ ಪಾಚಿ, ಚಿಪ್ಪು ಎಲ್ಲ ತೊಳೆದ ಮೇಲೆ ಮರದ ದಿಮ್ಮಿಗಳ ಮೇಲೆ ಇಳಿಸುತ್ತಾರೆ. ಹಾಯಿದೋಣಿಯ ಹೊಟ್ಟೆಯ ಕೆಳಗೆ ಮೀನಿನ ರೆಕ್ಕೆಯ ಹಾಗೆ ಭಾರದ ಕಬ್ಬಿಣ ಇರುತ್ತದೆ. ಅದು ದಿಮ್ಮಿಯ ಮೇಲೆ ಕೂರುತ್ತದೆ. ಆದರೆ ಅಷ್ಟು ಸಪೂರದ ಕಾಲಿನ ಮೇಲೆ ಅಷ್ಟು ದೊಡ್ಡ ಮೈ ನಿಲ್ಲುವುದಿಲ್ಲ. ಅದಕ್ಕೆ ಎರಡೂ ಬದಿಗೆ ಮೂರು ಮೂರು ಜಾಕಿ. ಮೂರು ಕಾಲಿನ ಕಬ್ಬಿಣ, ಮೇಲೆ ತಿರುಪು, ತಿರುಪಿನ ತುದಿಗೆ ಅಂಗೈಯಗಲದ ಹಲಗೆ.

ಇದರಲ್ಲಿ ದೊಡ್ಡ ವಿದ್ಯೆ ಏನಿದೆ ಎಂದು ನಾನು ಒಮ್ಮೆ ಕೇಳಿದ್ದೆ.

"ಮಗೂಗೆ ನಡೆಯೋದು ಕಲಿಸುವಾಗ ಕೈ ಹಿಡೀತೀವಲ್ಲ ಕಣೇ, ಎತ್ತಿಕೊಳ್ಳಲ್ಲವಲ್ಲ? ಅಷ್ಟೇ. ಜಾಕಿ ಜಾಸ್ತಿ ಬಿಗಿ ಮಾಡಿದರೆ ದೋಣಿ ಹೊಟ್ಟೆ ಒಳಗೆ ಹೋಗುತ್ತೆ. ಸಡಿಲ ಬಿಟ್ಟರೆ ಉರುಳುತ್ತೆ. ನಡುವೆ ಒಂದು ಕೂದಲೆಳೆ ಜಾಗ ಇದೆ. ಅದನ್ನ ಹುಡುಕೋಕೆ ನನಗೆ ಆರು ವರ್ಷ ಹಿಡೀತು."

ಮಧ್ಯಾಹ್ನದ ಊಟಕ್ಕೆ ಅವರು ಕ್ಯಾಂಟೀನಿಗೆ ಹೋಗುವುದಿಲ್ಲ. ತಾವು ನಿಲ್ಲಿಸಿದ ದೋಣಿಗಳಲ್ಲಿ ಎಲ್ಲಕ್ಕಿಂತ ದೊಡ್ಡದರ ಹೊಟ್ಟೆಯಡಿ ಗೋಣಿಚೀಲ ಹಾಸಿ ಕೂರುತ್ತಾರೆ. ನಾನು ಡಬ್ಬಿ ಒಯ್ದಾಗಲೆಲ್ಲ ಬಗ್ಗಿ ಒಳಗೆ ಕೊಡಬೇಕು. ಮೊದಮೊದಲು ತಲೆಯ ಮೇಲೆ ಎಂಟು ಟನ್ ತೂಗುತ್ತಿದೆ ಎಂದು ನೆನೆದು ನನಗೆ ನಡುಕ ಬರುತ್ತಿತ್ತು, ಮನಸ್ಸಿನಲ್ಲೇ ದೇವರ ಹೆಸರು ಹೇಳಿಕೊಳ್ಳುತ್ತಿದ್ದೆ. ಈಗಲೂ ಹೇಳಿಕೊಳ್ಳುತ್ತೇನೆ, ಆದರೆ ನಡುಕ ಇಲ್ಲ.

ಯಾರ್ಡಿನ ಗೇಟಿನ ಪಕ್ಕ ಒಂದು ತಗಡಿನ ಬೋರ್ಡಿದೆ. ಅತ್ತಿಗೆಯೇ ದೋಣಿಯ ಬಣ್ಣದಲ್ಲಿ ಬರೆದದ್ದು: ಜಾಕಿಗೆ ಏನನ್ನೂ ಕಟ್ಟಬೇಡಿ. ನಾಯಿಯನ್ನೂ.

ಬೇರೆಯವರಿಗೆ ಇದು ತಮಾಷೆ. ಯಾರ್ಡಿನವರಿಗೆ ಅಲ್ಲ. ದೋಣಿ ಬಿಟ್ಟು ಹೋಗುವವರು ಮಳೆ ಬಿಸಿಲಿಗೆಂದು ಅದರ ಮೇಲೆ ಟಾರ್ಪಾಲು ಹೊದಿಸುತ್ತಾರೆ. ಹಗ್ಗ ಕೆಳಗೆ ಇಳಿಬಿಟ್ಟಾಗ ಕಣ್ಣೆದುರೇ ಜಾಕಿಯ ಕಾಲು ಇರುತ್ತದೆ, ಕಟ್ಟಿಬಿಡೋಣ ಅನ್ನಿಸುತ್ತದೆ. ಗಾಳಿ ಬಂದು ಟಾರ್ಪಾಲು ಉಬ್ಬಿದಾಗಲೆಲ್ಲ ಜಾಕಿ ಒಂದು ನೂಲು ಎದ್ದು, ಒಂದು ನೂಲು ಸರಿದು ಕೂರುತ್ತದೆ. ಹೀಗೆ ನೂರು ಸಲ ಆದರೆ ಜಾಕಿ ತಾನಾಗಿ ನಡೆದುಕೊಂಡು ಹೋಗಿರುತ್ತದೆ. ಅದಕ್ಕೆ ಟಾರ್ಪಾಲಿನ ಹಗ್ಗವನ್ನು ದೋಣಿಯ ಹೊಟ್ಟೆಯ ಕೆಳಗಿನಿಂದ ಆಚೆ ಬದಿಗೆ ಹಾಯಿಸಿ ಟಾರ್ಪಾಲಿಗೇ ಕಟ್ಟಬೇಕು. ಮಣ್ಣಲ್ಲಿ ಮಲಗಿ ತೆವಳಬೇಕಾಗುತ್ತದೆ, ಅಷ್ಟೇ ಕಷ್ಟ.

ಹಲ್ಲಿನ ಡಾಕ್ಟರು ಮಣ್ಣಲ್ಲಿ ಮಲಗಲಿಲ್ಲ.

ಅವರದು ಮೂರನೇ ಸಾಲಿನ ಬಿಳಿ ದೋಣಿ. ಹದಿನಾಲ್ಕು ವರ್ಷದಿಂದ ಇದೇ ಯಾರ್ಡಿನಲ್ಲಿ ಇಡುತ್ತಾರೆ. ಒಳ್ಳೆಯ ಮನುಷ್ಯ, ನನ್ನ ಗಂಡನ ದವಡೆ ಹಲ್ಲು ಕಿತ್ತವರೂ ಅವರೇ. ಆ ಗುರುವಾರ ಮಧ್ಯಾಹ್ನ ಮೋಡ ಕಟ್ಟಿತ್ತು. ಡಾಕ್ಟರಿಗೆ ಕ್ಲಿನಿಕ್ಕಿಗೆ ಹೊತ್ತಾಗುತ್ತಿತ್ತು. ಅತ್ತಿಗೆ ಯಾರ್ಡಿನ ಇನ್ನೊಂದು ತುದಿಯಲ್ಲಿ ಕ್ರೇನಿನ ಕೆಳಗಿದ್ದರು. ಡಾಕ್ಟರು ಹೊಸ ಟಾರ್ಪಾಲು ಹೊದಿಸಿ, ಎಡಬದಿಯ ಮೂರು ಜಾಕಿಗಳ ಕಾಲಿಗೆ ಚೊಕ್ಕವಾಗಿ ಗಂಟು ಹಾಕಿ ಹೋದರು. ಮೂರು ಗಂಟೆಗೆ ಗಾಳಿ ಎದ್ದಿತು. ನಾಲ್ಕಕ್ಕೆ ದೋಣಿ ಮಗುಚಿತು.

ಸದ್ದು ನಮ್ಮ ಮನೆಗೆ ಕೇಳಿಸಿತು. ಬಿಳಿ ದೋಣಿಯ ಹೊಟ್ಟೆಗೆ ಬಣ್ಣ ಹಚ್ಚುತ್ತಿದ್ದವನು ಆಗಷ್ಟೇ ಏಣಿ ಇಳಿದು ಚಹಾಕ್ಕೆ ಹೋಗಿದ್ದನಂತೆ. ಏಣಿ ಹಪ್ಪಳವಾಗಿತ್ತು. ದೇವರು ದೊಡ್ಡವನು. ಅತ್ತಿಗೆ ಓಡಿ ಬಂದು ನೋಡಿದಾಗ ಮಧ್ಯದ ಜಾಕಿ ಅಂಗಾತ ಬಿದ್ದಿತ್ತು, ಕಾಲಿಗೆ ಹಗ್ಗ, ಹಗ್ಗಕ್ಕೆ ಟಾರ್ಪಾಲು. ಅವರು ನೋಡಿದರು, ಬಣ್ಣದವನೂ ನೋಡಿದ. ಆದರೆ ಗಾಳಿ ನಿಂತಿರಲಿಲ್ಲ. ಟಾರ್ಪಾಲು ಪಟಪಟ ಬಡಿಯುತ್ತಿತ್ತು, ಪಕ್ಕದ ದೋಣಿಗಳಿಗೂ ಅಪಾಯ. ಯಾರೋ ಚಾಕು ತಂದರು, ಹಗ್ಗ ಕತ್ತರಿಸಿದರು. ಸಂಜೆಯೊಳಗೆ ಜಾಕಿಗಳೆಲ್ಲ ರಾಶಿ ಸೇರಿದವು. ಗಂಟು ಯಾವ ಜಾಕಿಯಲ್ಲಿತ್ತು, ಎಲ್ಲಿ ಹೋಯಿತು, ಕೇಳುವವರಿಲ್ಲ.

ಮರುದಿನ ಮಧ್ಯಾಹ್ನ ನಾನು ಡಬ್ಬಿ ಒಯ್ದಾಗ ಅವರು ದೋಣಿಯಡಿ ಇರಲಿಲ್ಲ, ಕಚೇರಿಯಲ್ಲಿದ್ದರು. ಯಾರ್ಡಿನ ಸಣ್ಣ ಯಜಮಾನರು ಕರೆಸಿದ್ದರು. ಅವರ ತಂದೆ ಅತ್ತಿಗೆಯನ್ನು ಕೆಲಸಕ್ಕೆ ಇಟ್ಟುಕೊಂಡವರು. ಇವರು ಚಡ್ಡಿ ಹಾಕಿಕೊಂಡು ದೋಣಿಗಳ ಕೆಳಗೆ ಆಡುವಾಗ ಅತ್ತಿಗೆ ಕೋಲು ಹಿಡಿದು ಓಡಿಸುತ್ತಿದ್ದರಂತೆ. ಈಗ ಅವರು ಮೇಜಿನ ಆಚೆ, ಅತ್ತಿಗೆ ಈಚೆ. ಮೇಜಿನ ಮೇಲೆ ಟೈಪು ಮಾಡಿದ ಒಂದು ಹಾಳೆ. ನಾನು ಬಾಗಿಲಲ್ಲೇ ನಿಂತೆ.

"ಅಕ್ಕ, ಡಾಕ್ಟ್ರು ಹಳೇ ಗಿರಾಕಿ. ಅವರೇ ಕಟ್ಟಿದ್ದು ಅಂದರೆ ಅವರಿಗೆ ವಿಮೆ ಸಿಗಲ್ಲ. ಜಾಕಿ ಇಡುವಾಗ ನಮ್ಮ ಕಡೆ ತಪ್ಪಾಯ್ತು ಅಂದರೆ ಯಾರ್ಡಿನ ವಿಮೆ ಕೊಡುತ್ತೆ. ನಿಮ್ಮ ಕೈಯಿಂದ ಏನೂ ಹೋಗಲ್ಲ. ಯಾರಿಗೂ ನಷ್ಟ ಇಲ್ಲ."

"ಯಾರಿಗೂ ಇಲ್ವಾ?" ಎಂದರು ಅತ್ತಿಗೆ. "ಹಾಗಾದರೆ ನಾನು ಯಾರು?"

"ಬರೀ ಒಂದು ಕಾಗದ ಅಕ್ಕ. ಯಾರೂ ಓದಲ್ಲ."

"ಓದದೇ ಇರೋ ಕಾಗದಕ್ಕೆ ನನ್ನ ಸಹಿ ಯಾಕೆ ಬೇಕು?"

ಯಜಮಾನರು ಪೆನ್ನಿನ ಟೋಪಿ ತೆಗೆದರು, ಹಾಕಿದರು. ಆಮೇಲೆ ಕಿಟಕಿಯ ಹತ್ತಿರದ ಖಾಲಿ ಕುರ್ಚಿ ತೋರಿಸಿದರು. "ಅದು ನಿಮಗೇ ಅಂತ ಇಟ್ಟಿದ್ದೀನಿ. ಇನ್ನು ಮಣ್ಣಲ್ಲಿ ತೆವಳೋದು ಬೇಡ. ಇಲ್ಲಿ ಕೂತು ಹುಡುಗರಿಗೆ ಹೇಳಿ, ಮಾಡ್ತಾರೆ. ಮಂಡಿ ನೋವು ಇದೆಯಂತಲ್ಲ."

ಅತ್ತಿಗೆ ತಿರುಗಿ ನನ್ನನ್ನು ನೋಡಿದರು. ನಾನು ಯಾರಿಗೂ ಹೇಳಿರಲಿಲ್ಲ, ದೇವರಾಣೆ. ಆಮೇಲೆ ತಿಳಿಯಿತು, ಬಾಯಿ ಬಿಟ್ಟ ಮಹಾನುಭಾವರು ನನ್ನ ಗಂಡ.

"ಯಜಮಾನ್ರೇ," ಎಂದರು ಅತ್ತಿಗೆ, "ಈ ಕಾಗದಕ್ಕೆ ಸಹಿ ಹಾಕಿದರೆ, ನಾಳೆ ಜಾಕಿ ತಿರುಗಿಸುವಾಗ ನನ್ನ ಕೈಗೇ ನನ್ನ ಮೇಲೆ ಅನುಮಾನ ಬರುತ್ತೆ. ಅನುಮಾನದ ಕೈ ಹಿಡಿದ ದೋಣಿ ಕೆಳಗೆ ನಾನು ಊಟ ಮಾಡಲ್ಲ. ಬೇರೆಯವರನ್ನೂ ನಡೆದಾಡೋಕೆ ಬಿಡಲ್ಲ."

"ಹಾಗಾದರೆ ಸಹಿ ಹಾಕೋವರೆಗೂ ಮನೆಯಲ್ಲಿರಿ."

"ಇರ್ತೀನಿ."

ಆ ರಾತ್ರಿ ಊಟಕ್ಕೆ ಕೂತಾಗ ನನ್ನ ಗಂಡ ಮೆತ್ತಗೆ ಶುರು ಮಾಡಿದರು. ಅವರಿಗೆ ಸೈಕಲ್ ರಿಪೇರಿ ಅಂಗಡಿ. "ಅಕ್ಕಾ, ಒಂದು ಸಹಿ ತಾನೇ."

"ಹೌದಪ್ಪ. ನೀನೂ ನಾಳೆ 'ಇಲ್ಲಿ ರಿಪೇರಿ ಮಾಡಿದ ಬ್ರೇಕು ಹಿಡಿಯಲ್ಲ' ಅಂತ ಬರೆದು ಅಂಗಡಿ ಮುಂದೆ ತೂಗುಹಾಕು. ಒಂದು ಬೋರ್ಡು ತಾನೇ."

ನನ್ನ ಗಂಡ ತಟ್ಟೆ ನೋಡಿಕೊಂಡು ಊಟ ಮುಗಿಸಿದರು. ಮಂಡಿಯ ವಿಷಯದ ಲೆಕ್ಕ ಬೇರೆ ಇತ್ತು. ಅದನ್ನು ಅಕ್ಕ ಮೂರು ದಿನ ಮಾತು ಬಿಟ್ಟು ತೀರಿಸಿಕೊಂಡರು.

ಕೆಲಸ ನಿಂತಿತೇ ಹೊರತು ಸುತ್ತು ನಿಲ್ಲಲಿಲ್ಲ. ಬೆಳಗ್ಗೆ ಆರೂವರೆಗೆ ಅತ್ತಿಗೆ ಯಾರ್ಡಿನ ಗೇಟಿನ ಮುಂದೆ ಹಾಜರು. ಒಳಗೆ ಬಿಡಬಾರದು ಎಂದು ಗೇಟಿನವನಿಗೆ ಅಪ್ಪಣೆಯಾಗಿತ್ತು. ಅವನು ಅರವತ್ತರ ಹತ್ತಿರದ ಆಸಾಮಿ. ದಪ್ಪ ಹೊಟ್ಟೆ, ಮಾತು ಜಾಸ್ತಿ, ಕೆಲಸ ಕಮ್ಮಿ.

"ಜಾಕಿಯಕ್ಕ, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ. ಒಳಗೆ ಬಿಟ್ಟರೆ ನನ್ನ ಕೆಲಸ ಹೋಗುತ್ತೆ."

"ಆ ಹೊಟ್ಟೆ ಮೇಲೆ ಹೊಡೆದರೂ ನನ್ನ ಕೈಗೇ ಪೆಟ್ಟು. ಬಿಡು, ನಾನು ಬರಲ್ಲ. ನೀನು ಹೋಗು. ಮೊದಲನೇ ಸಾಲು, ಹಸಿರು ದೋಣಿ, ಹಿಂದಿನ ಎಡ ಜಾಕಿ. ತಲೆ ಒತ್ತಿ ನೋಡು."

ಹೀಗೆ ಶುರುವಾಯಿತು. ತಂತಿ ಬೇಲಿಯ ಹೊರಗೆ ಅತ್ತಿಗೆ, ಒಳಗೆ ಗೇಟಿನವನು. ಇವರು ರಸ್ತೆಯಲ್ಲಿ ನಡೆದ ಹಾಗೆ ಅವನು ಸಾಲಿನಲ್ಲಿ ನಡೆಯಬೇಕು.

"ಗಟ್ಟಿಯಾಗಿದೆ ಅಕ್ಕ."

"ಕೈಯಿಂದ ಒತ್ತಿ ಹೇಳ್ತಿದ್ದೀಯಾ, ಕಣ್ಣಿಂದ ನೋಡಿ ಹೇಳ್ತಿದ್ದೀಯಾ?"

ಅವನು ಉಸ್ಸೆಂದು ಬಗ್ಗಿದ. ಆಮೇಲೆ, "ಈಗ ಒತ್ತಿದೆ."

"ಕೇಳಿದೆಯಾ?"

"ಏನು ಕೇಳೋದು?"

"ನಿಂತಿದ್ದೀಯಾ ಅಂತ."

"ಅಯ್ಯೋ ಅಕ್ಕ, ನಾನು ದೋಣಿ ಜೊತೆ ಮಾತಾಡಿದರೆ ಜನ ಏನಂತಾರೆ?"

"ನೀನು ಗೋಡೆ ಜೊತೆಗೂ ಮಾತಾಡ್ತೀಯ. ಕೇಳು."

ನಾಲ್ಕನೆಯ ದಿನದ ಹೊತ್ತಿಗೆ ಅವನು ಹೇಳಿಸಿಕೊಳ್ಳದೆ ಕೇಳತೊಡಗಿದ್ದ. ಆರನೆಯ ದಿನ ಅವನೇ ಕೂಗಿದ, "ಅಕ್ಕಾ, ನೀಲಿ ದೋಣಿ ಮಧ್ಯದ್ದು ಏನೋ ಹಗುರ ಅನ್ನಿಸ್ತಿದೆ." ಮಳೆಗೆ ದಿಮ್ಮಿಯ ಕೆಳಗಿನ ಮಣ್ಣು ಕುಸಿದಿತ್ತು. ಕಾಲು ಸುತ್ತು ತಿರುಗಿಸಲು ಅತ್ತಿಗೆ ಹೊರಗಿನಿಂದಲೇ ಹೇಳಿಕೊಟ್ಟರು. ಅವತ್ತು ಮನೆಗೆ ಬಂದು ಚಹಾ ಕುಡಿಯುವಾಗ ಅವರ ಮುಖ ನೋಡಬೇಕಿತ್ತು. "ಆ ಸೋಮಾರಿಗೂ ಕೈ ಇದೆ ಕಣೇ" ಎಂದರು.

ಗೇಟಿನವನ ಬಾಯಿಂದಲೇ ಡಾಕ್ಟರ ಮೇಲೆ ಒಂದು ಮಾತು ಹುಟ್ಟಿ ಊರೆಲ್ಲ ಓಡಾಡಿತು: ಎಲ್ಲರ ಬಾಯಿ ತೆಗೆಸುತ್ತಾರೆ, ತಮ್ಮದನ್ನು ಮಾತ್ರ ತೆಗೆಯುವುದಿಲ್ಲ. ಬಣ್ಣದವನನ್ನು ನಾನೇ ಮಾರುಕಟ್ಟೆಯಲ್ಲಿ ಕಂಡು ಕೇಳಿದೆ. "ಅವತ್ತು ಗಾಳಿಗೆ ಕಣ್ಣಿಗೆ ಮಣ್ಣು ಬಿದ್ದಿತ್ತಮ್ಮ" ಎಂದು ಹೇಳಿ ಈರುಳ್ಳಿ ಆರಿಸತೊಡಗಿದ. ಅವನಿಗೂ ಮಕ್ಕಳಿದ್ದಾರೆ. ನಾನು ಕೋಪ ಮಾಡಿಕೊಳ್ಳಲಿಲ್ಲ.

ಎಂಟನೆಯ ದಿನ ಸಂಜೆ ಡಾಕ್ಟರು ನಮ್ಮ ಮನೆಗೇ ಬಂದರು. ಗೇಟಿನವನ ಮಾತು ಅವರ ಕಿವಿಗೂ ಬಿದ್ದಿರಬೇಕು. ಚಪ್ಪಲಿ ಬಿಟ್ಟು ಒಳಗೆ ಬಂದು, ಕುರ್ಚಿಯ ಅಂಚಿನಲ್ಲಿ ಕೂತರು. ನಾನು ಕೊಟ್ಟ ಚಹಾ ಆರುವವರೆಗೂ ಹಾಗೇ ಇಟ್ಟುಕೊಂಡಿದ್ದರು.

"ನಿಮ್ಮ ಹೆಸರು ಬರೋದು ನನಗೂ ಇಷ್ಟ ಇಲ್ಲ ಜಾಕಿಯಕ್ಕ. ನಾನು ಯಜಮಾನರ ಹತ್ತಿರ ಮಾತಾಡ್ತೀನಿ. ಗಾಳಿಯಿಂದ ಬಿತ್ತು ಅಂತ ಬರೆಸೋಣ. ನಿಮ್ಮ ತಪ್ಪೂ ಅಲ್ಲ, ನನ್ನದೂ ಅಲ್ಲ."

ಅತ್ತಿಗೆ ಮಂಡಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. "ಡಾಕ್ಟ್ರೇ, ಅವತ್ತು ಗಾಳಿ ತನ್ನ ಕೆಲಸ ಮಾಡ್ತು. ನಾನು ನನ್ನ ಕೆಲಸ ಮಾಡಿದ್ದೆ. ಅದೇ ಗಾಳಿಯಲ್ಲಿ ಬೇರೆ ನಲವತ್ತಮೂರು ನಿಂತಿದ್ದವು. ಗಾಳಿ ನಿಮ್ಮದನ್ನ ಮಾತ್ರ ಹೆಸರು ಹಿಡಿದು ಕರೀತಾ?"

ಡಾಕ್ಟರು ಚಹಾ ಕುಡಿಯದೆ ಎದ್ದರು. ಬಾಗಿಲ ತನಕ ಹೋಗಿ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಅವತ್ತು ನಾನು ಪ್ರಾರ್ಥನೆಗೆ ಕೂತಾಗ ಅವರ ಹೆಸರನ್ನೂ ಸೇರಿಸಿಕೊಂಡೆ. ಕೆಟ್ಟದ್ದು ಕೇಳಲಿಲ್ಲ.

ಹತ್ತನೆಯ ದಿನ ಬಿದ್ದ ದೋಣಿಯನ್ನು ಎತ್ತಬೇಕಿತ್ತು. ಕ್ರೇನಿನವನು ಬೆಲ್ಟು ಹಾಕಿ, ನಿಧಾನವಾಗಿ ಎತ್ತಿ, ದಿಮ್ಮಿಗಳ ಮೇಲೆ ನೇರ ಹಿಡಿದ. ಅಲ್ಲಿಗೆ ನಿಲ್ಲಿಸಿಬಿಟ್ಟ. "ಇಳಿಸು" ಎಂದರು ಸಣ್ಣ ಯಜಮಾನರು.

"ಜಾಕಿ ಯಾರು ಇಡ್ತಾರೆ?"

"ಹುಡುಗರಿದ್ದಾರಲ್ಲ."

"ಹನ್ನೊಂದು ವರ್ಷದಿಂದ ಅಕ್ಕ 'ಬಿಡು' ಅಂದ ಮೇಲೇ ಬೆಲ್ಟು ಬಿಟ್ಟಿದ್ದೀನಿ. ಬೇರೆಯವರ ಬಾಯಲ್ಲಿ ಆ ಮಾತು ಕೇಳಿದರೆ ನನ್ನ ಕೈ ಬಿಡಲ್ಲ ಸಾರ್."

ಅವನು ಇಂಜಿನ್ ಆರಿಸಿ ಕೆಳಗಿಳಿದು ಕೂತ. ದೋಣಿ ಬೆಲ್ಟಿನಲ್ಲಿ ತೂಗುತ್ತಿತ್ತು. ಹನ್ನೆರಡು ಗಂಟೆಗೆ ಗೇಟಿನವನು ಏದುಸಿರು ಬಿಡುತ್ತಾ ನಮ್ಮ ಮನೆ ಬಾಗಿಲಿಗೆ ಬಂದ. "ಇದೊಂದಕ್ಕೆ ಮಾತ್ರ ಬರಬೇಕಂತೆ."

ಅತ್ತಿಗೆ ಎದ್ದರು. "ಡಬ್ಬಿಗೆ ಊಟ ಹಾಕು" ಎಂದರು ನನಗೆ. ನಾನು ಡಬ್ಬಿ ಹಿಡಿದು ಹಿಂದೆಯೇ ಹೋದೆ.

ಆ ದಿನ ಅವರು ಜಾಕಿ ಇಟ್ಟದ್ದನ್ನು ನಾನು ಪೂರ್ತಿ ನೋಡಿದೆ. ಮಂಡಿಯೂರುವಾಗ ಒಂದು ಸಲ ಹಲ್ಲು ಕಚ್ಚಿದರು, ಅಷ್ಟೇ. ಮೊದಲು ಎದುರುಬದುರಿನ ಜಾಕಿಗಳು ಭಾರಕ್ಕೆ ಹೊರಕ್ಕೆ ಜಾರದ ಹಾಗೆ ಅವುಗಳ ಕಾಲುಗಳನ್ನು ದೋಣಿಯಡಿಯಿಂದ ಸರಪಳಿ ಹಾಕಿ ಒಂದಕ್ಕೊಂದು ಬಂಧಿಸಿದರು. ಆಮೇಲೆ ಎಡಕ್ಕೊಂದು ಬಲಕ್ಕೊಂದು ಕಾಲು ಸುತ್ತು, ಮತ್ತೆ ಎಡ, ಮತ್ತೆ ಬಲ. ಆರೂ ಜಾಕಿಗಳ ತಲೆ ಒತ್ತಿ, ದೋಣಿಯನ್ನು ಕೇಳಿ, "ಬಿಡು" ಎಂದರು. ಬೆಲ್ಟು ಸಡಿಲವಾಯಿತು. ದೋಣಿ ಒಂದಿಷ್ಟೂ ಅಲುಗಲಿಲ್ಲ.

ಡಾಕ್ಟರೂ ಬಂದಿದ್ದರು. ಬಗಲಲ್ಲಿ ಟಾರ್ಪಾಲು, ಕೈಯಲ್ಲಿ ಹೊಸ ಹಗ್ಗ. ಮಧ್ಯಾಹ್ನದ ಗಾಳಿ ಆಗಲೇ ಸುಳಿಯತೊಡಗಿತ್ತು. ಅತ್ತಿಗೆ ಗೋಣಿಚೀಲ ಎಳೆದುಕೊಂಡು ಬಿಳಿ ದೋಣಿಯ ಹೊಟ್ಟೆಯಡಿ ಹೋಗಿ ಕೂತರು. ಡಬ್ಬಿ ಕೊಡು ಎಂದು ನನ್ನತ್ತ ಕೈ ಚಾಚಿದರು.

"ಡಾಕ್ಟ್ರೇ, ಇದು ನಾನು ಇಟ್ಟ ಜಾಕಿ. ಇದರ ಕೆಳಗೆ ನಾನು ಊಟ ಮಾಡ್ತೀನಿ. ನೀವು ಅವತ್ತು ಟಾರ್ಪಾಲು ಹೇಗೆ ಕಟ್ಟಿದ್ರೋ, ಇವತ್ತೂ ಹಾಗೇ ಕಟ್ಟಿ. ಅದೇ ಗಂಟು, ಅದೇ ಜಾಗ. ಸಂಜೆವರೆಗೂ ನಾನು ಇಲ್ಲಿಂದ ಏಳಲ್ಲ."

"ಅಕ್ಕ, ಏನಿದು, ಹೊರಗೆ ಬನ್ನಿ" ಎಂದರು ಯಜಮಾನರು.

"ಯಾಕೆ? ನನ್ನ ಜಾಕಿ ತಪ್ಪು ಅಂತ ನೀವೇ ಟೈಪು ಮಾಡಿಸಿದ್ದೀರಿ. ಗಾಳಿ ತಪ್ಪು ಅಂತ ಡಾಕ್ಟ್ರು ಹೇಳಿದ್ರು. ಹಗ್ಗ ತಪ್ಪು ಅಂತ ಯಾರೂ ಬರೀಲಿಲ್ಲ. ಹಗ್ಗದಿಂದ ಏನೂ ಆಗಲ್ಲ ಅಂದ ಮೇಲೆ ಕಟ್ಟೋಕೇನು? ಕಟ್ಟಿ."

ನನ್ನ ಕೈ ಡಬ್ಬಿಯ ಹಿಡಿ ಬಿಡಲಿಲ್ಲ. ಬಗ್ಗಿ, ಡಬ್ಬಿಯ ಜೊತೆ ನಾನೂ ಒಳಗೆ ಹೋಗಿ ಅವರ ಪಕ್ಕ ಕೂತೆ. ಅವರು ನನ್ನನ್ನು ಒಂದು ಸಲ ನೋಡಿ, ಗೋಣಿಚೀಲವನ್ನು ನನ್ನತ್ತ ಸರಿಸಿದರು. ಅಲ್ಲಿಂದ ನಮಗೆ ಕಾಣುತ್ತಿದ್ದದ್ದು ಬರೀ ಕಾಲುಗಳು. ಯಜಮಾನರ ಬೂಟು, ಕ್ರೇನಿನವನ ಹರಕು ಚಪ್ಪಲಿ, ಬಣ್ಣ ಮೆತ್ತಿದ ಎರಡು ಬರಿಗಾಲು. ಡಾಕ್ಟರ ಕಂದು ಬೂಟುಗಳು ಮಧ್ಯದ ಜಾಕಿಯ ಹತ್ತಿರ ಬಂದು ನಿಂತವು. ಹಗ್ಗದ ತುದಿ ಮಣ್ಣಿಗೆ ಇಳಿದು ಅಲ್ಲಾಡುತ್ತಿತ್ತು. ಅತ್ತಿಗೆ ಡಬ್ಬಿ ತೆರೆದು ಊಟ ಶುರು ಮಾಡಿದರು.

ಹಗ್ಗ ಪೂರ್ತಿಯಾಗಿ ಕೆಳಗೆ ಬಿತ್ತು.

"ಆಗಲ್ಲ" ಎಂದರು ಡಾಕ್ಟರು.

"ಯಾಕೆ ಆಗಲ್ಲ?"

"ಬೀಳುತ್ತೆ." ಕಂದು ಬೂಟುಗಳು ಬಾಗಿದವು, ಡಾಕ್ಟರ ಮುಖ ನಮ್ಮ ಮಟ್ಟಕ್ಕೆ ಇಳಿಯಿತು. "ನಾನೇ ಕಟ್ಟಿದ್ದು. ಬೋರ್ಡು ಓದಿದ್ದೆ. ಎಷ್ಟಾದರೂ ಟಾರ್ಪಾಲು, ಹಗುರ, ಏನಾಗುತ್ತೆ ಅಂದ್ಕೊಂಡೆ."

"ಮೂರಕ್ಕೂ ಕಟ್ಟಿದ್ರು ಸಾರ್, ನಾನೂ ನೋಡಿದ್ದೆ" ಎಂದವು ಬಣ್ಣದ ಬರಿಗಾಲುಗಳು.

"ನಿನ್ನ ಕಣ್ಣಿನ ಮಣ್ಣು ಈಗ ಹೋಯ್ತಾ?" ಎಂದರು ಅತ್ತಿಗೆ, ತುತ್ತು ನುಂಗಿ. ಆಮೇಲೆ ಡಾಕ್ಟರಿಗೆ, "ಬರೀರಿ."

ಅವರು ಬರೆದರು. ಹಾಳೆಯಡಿ ಒತ್ತಿಗೆ ನನ್ನ ಡಬ್ಬಿಯ ಮುಚ್ಚಳವನ್ನೇ ಕೊಟ್ಟೆ. ವಿಮೆಯವರು ಏನು ಮಾಡಿದರೋ ನನಗೆ ತಿಳಿಯದು. ಡಾಕ್ಟರು ಆ ವರ್ಷ ಸಮುದ್ರಕ್ಕೆ ಹೋಗಲಿಲ್ಲ. ರಜೆಯ ದಿನಗಳಲ್ಲೆಲ್ಲ ಬಂದು ಜಜ್ಜಿದ ಬದಿಯನ್ನು ತಾವೇ ಉಜ್ಜುತ್ತಾ ಕೂರುತ್ತಿದ್ದರು. ಟಾರ್ಪಾಲು ಕಟ್ಟಲು ಮಣ್ಣಲ್ಲಿ ತೆವಳುವುದನ್ನೂ ಕಲಿತರು.

ಅವತ್ತು ನಾವು ಹೊರಗೆ ಬಂದಾಗ ಸಣ್ಣ ಯಜಮಾನರು ಟೈಪು ಮಾಡಿದ ಹಾಳೆಯನ್ನು ಹರಿದು ಜೇಬಿಗೆ ಹಾಕಿಕೊಂಡರು. ಅತ್ತಿಗೆ ಜಾಕಿ ಹಿಡಿದುಕೊಂಡು ನಿಧಾನವಾಗಿ ಎದ್ದು ನಿಂತರು. ಮಂಡಿ ಲಟಕ್ಕೆಂದಿತು, ಎಲ್ಲರಿಗೂ ಕೇಳಿಸಿತು.

"ಅಕ್ಕ," ಎಂದರು ಯಜಮಾನರು, ನೆಲ ನೋಡುತ್ತಾ, "ಆ ಕುರ್ಚಿ ಇನ್ನೂ ಖಾಲಿ ಇದೆ. ಸಹಿಗೆ ಬದಲಾಗಿ ಅಲ್ಲ ಈಗ. ಸುಮ್ಮನೆ, ನಿಮಗೋಸ್ಕರ. ನಾಳೆಯಿಂದ ಬಂದು ಕೂತ್ಕೊಳ್ಳಿ."

ಅತ್ತಿಗೆ ಅಂಗೈಯ ಮಣ್ಣನ್ನು ಬಟ್ಟೆಗೆ ಒರೆಸಿಕೊಂಡರು.

"ಕುರ್ಚಿನ ಗೇಟಿನವನಿಗೆ ಕೊಡಿ ಯಜಮಾನ್ರೇ. ಒಂಬತ್ತು ದಿನ ನನ್ನ ಬದಲು ಬಗ್ಗಿದ್ದಾನೆ, ಅವನ ಸೊಂಟ ಹೋಗಿದೆ. ನನಗೆ ಬೇಡ. ಕುರ್ಚಿ ಮೇಲೆ ಕೂತರೆ ನನ್ನ ಕೈ ದೋಣಿಗೆ ಎಟುಕಲ್ಲ."